ಒಳಗೆ ಹುಟ್ಟಿದವರನ್ನು ಕೇಳಿದವರಾರು?

1977ರಲ್ಲಿ ಕನ್ನಡದ ಶುಭಾಶಯವನ್ನೂ ಹೊತ್ತು ಹೊರಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿ.ಮೀ. ಓಡುತ್ತಿದೆ. ಅತಿ ಸಮೀಪದ ನಕ್ಷತ್ರದಷ್ಟು ದೂರ ಕ್ರಮಿಸಲು ಈ ವೇಗಕ್ಕೆ 70,000 ವರ್ಷಕ್ಕೂ ಹೆಚ್ಚು ಬೇಕು. ವೇಗ ನೂರು ಪಟ್ಟಾದರೂ ಮನುಷ್ಯರ ತಲೆಮಾರುಗಳು ನೌಕೆಯಲ್ಲೇ ಹುಟ್ಟಿ ಸಾಯಬೇಕು.

ಕಿಮ್ ಸ್ಟ್ಯಾನ್ಲಿ ರಾಬಿನ್ಸನ್‌ರ 2015ರ ಕಾದಂಬರಿ 'ಅರೋರಾ' ಇಂಧನಕ್ಕಿಂತ ಹೆಚ್ಚಾಗಿ ಒಪ್ಪಿಗೆಯ ಪ್ರಶ್ನೆ ಎತ್ತುತ್ತದೆ. ಹೊರಟವರೇನೋ ಆಯ್ದುಕೊಂಡರು, ಒಳಗೆ ಹುಟ್ಟಿದವರು? ಟೌ ಸೆಟಿ ತಲುಪಿ, ಅಲ್ಲಿ ಬಾಳಲಾಗದೆ ಕೆಲವರು ಭೂಮಿಗೆ ಮರಳುತ್ತಾರೆ. ಬಯಲು ಆಕಾಶ ಕಂಡು ಫ್ರೇಯಾ ಬೆದರುವ ಪುಟಗಳು ನನಗೆ ಅತ್ಯಂತ ನಿಜ ಅನ್ನಿಸಿದವು. ಕೊನೆಯಲ್ಲಿ ಅವಳು ಕಡಲತೆರೆಗಳೊಂದಿಗೆ ಹೊಂದಿಕೊಳ್ಳುವುದು ಮಾತ್ರ ಅವಸರದ ರಾಜಿ. ಡೊಂಬಿವಲಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕುಂದಾಪುರಕ್ಕೆ ಹೋಗುವುದು 'ಊರಿಗೆ ಮರಳುವುದು' ಅಲ್ಲ. ಅದು ಇನ್ನೊಂದು ವಲಸೆ.