ಗೇರ್ ಬೀಳದಿದ್ದರೆ ಮೊದಲು ಕ್ಲಚ್ ನೋಡಿ

ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರ, ಮೂಡಿಗೆರೆ ದಾಟಿ ಬೇಲೂರಿಗೆ ಬರುವಷ್ಟರಲ್ಲಿ ಕಾರಿನ ಕ್ಲಚ್ಚು ತನ್ನ ಗುಟ್ಟನ್ನೆಲ್ಲ ಬಿಟ್ಟುಕೊಟ್ಟಿರುತ್ತದೆ. ಘಾಟಿಯ ತಿರುವುಗಳಲ್ಲಿ ಲಾರಿಯ ಹಿಂದೆ ಹಾಫ್ ಕ್ಲಚ್ಚಿನಲ್ಲೇ ತೆವಳಿದ್ದಾಗಿರುತ್ತದೆ. ಮುಂದೆ ಹಳೇಬೀಡಿಗೆ 16 ಕಿಲೋಮೀಟರ್, ನಡುನಡುವೆ ಹಂಪುಗಳು, ದೇವಸ್ಥಾನದ ಮುಂದೆ ಟೂರಿಸ್ಟ್ ಬಸ್ಸುಗಳ ಸಾಲು. ಅಲ್ಲಿಂದ ಅರಸೀಕೆರೆ ಕಡೆ ತಿರುಗಿದರೆ ತೆಂಗಿನ ತೋಟಗಳ ನಡುವೆ ರಸ್ತೆ ಬಿಚ್ಚಿಕೊಳ್ಳುತ್ತದೆ. ಏರು, ನಿಲುಗಡೆ, ಓಟ ಮೂರೂ ಒಂದೇ ದಿನದಲ್ಲಿ ಸಿಗುವ ಈ ದಾರಿ ಸ್ಪೋರ್ಟ್ಸ್ ಕಾರಿನ ಹುಳುಕನ್ನು ಶೋರೂಮಿನ ಮುಂದಿನ ನುಣುಪು ರಸ್ತೆಗಿಂತ ಬೇಗ ಹೊರಗೆಳೆಯುತ್ತದೆ.

ಇಂಥ ದಾರಿಯಲ್ಲಿ ಕೆಟ್ಟು ನಿಂತ ಕಾರಿನ ಮಾಲೀಕರು ಗ್ಯಾರೇಜಿನಲ್ಲಿ ಹೇಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: ‘ಗೇರ್ ಬಾಕ್ಸ್ ಹೋಗಿದೆ.’ ಬಹಳಷ್ಟು ಸಲ ಹೋಗಿರುವುದು ಗೇರ್ ಬಾಕ್ಸ್ ಅಲ್ಲ. ಅನುಭವಸ್ಥ ಮೆಕ್ಯಾನಿಕ್ ಜಾಕಿಗೆ ಕೈ ಹಾಕುವ ಮೊದಲು, ‘ಇಂಜಿನ್ ಆಫ್ ಮಾಡಿ ಸಾರ್, ಈಗ ಗೇರ್ ಹಾಕಿ ನೋಡನ’ ಅನ್ನುತ್ತಾರೆ. ಇಂಜಿನ್ ನಿಂತಾಗ ಐದೂ ಗೇರು ಬೆಣ್ಣೆಯಂತೆ ಬಿದ್ದು, ಚಾಲೂ ಮಾಡಿದೊಡನೆ ಮೊಂಡುಹಿಡಿದರೆ ತಪ್ಪು ಕ್ಲಚ್ಚಿನದು: ಪೆಡಲ್ ಪೂರ್ತಿ ಒತ್ತಿದರೂ ಪ್ಲೇಟು ಫ್ಲೈವೀಲನ್ನು ಬಿಡುತ್ತಿಲ್ಲ. ಇಂಜಿನ್ ನಿಂತಾಗಲೂ ಗೇರ್ ಬಿಗಿಯಾಗಿದ್ದರೆ ಗೇರ್ ಕೇಬಲ್, ಲಿಂಕೇಜು, ಬುಷ್‌ಗಳನ್ನು ನೋಡಬೇಕು. ಪೆಟ್ಟಿಗೆ ಬಿಚ್ಚುವ ಮಾತು ಆಮೇಲೆ.

ಇನ್ನೊಂದು ಪರೀಕ್ಷೆ ರಿವರ್ಸಿನದು. ಎಷ್ಟೋ ಕಾರುಗಳಲ್ಲಿ ರಿವರ್ಸಿಗೆ ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೊನೈಸರ್ ಇರುವುದಿಲ್ಲ, ಹಾಗಾಗಿ ಅದು ಸುಳ್ಳು ಹೇಳಲಾರದು. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲು ಬಿಟ್ಟು, ಕ್ಲಚ್ ಒತ್ತಿ ಐದಾರು ಸೆಕೆಂಡು ಕಾದು ರಿವರ್ಸ್ ಹಾಕಿದಾಗಲೂ ಕರಕರ ಎಂದರೆ ಒಳಗೆ ಪ್ಲೇಟು ಇನ್ನೂ ಸುತ್ತುತ್ತಿದೆ ಎಂದೇ ಅರ್ಥ. ಆಗ ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿ ನೋಡಬೇಕು. ಗೇರ್ ಸಲೀಸಾಗಿ ಬಿದ್ದರೆ ಹೈಡ್ರಾಲಿಕ್ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಮಾಸ್ಟರ್ ಅಥವಾ ಸ್ಲೇವ್ ಸಿಲಿಂಡರಿನ ರಬ್ಬರು ಸೋತಿದೆ.

1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಇದಕ್ಕೆ ಹೆಸರಾದ ಕಾರು. ಅದರ ಸ್ಲೇವ್ ಸಿಲಿಂಡರ್ ಸೋರುವುದು ಲೋಕಪ್ರಸಿದ್ಧ. ಆದರೆ ಅದು ಗೇರ್ ಬಾಕ್ಸಿನ ಹೊರಗೇ ಕೂತಿರುವುದರಿಂದ ರಬ್ಬರ್ ಟೊಪ್ಪಿ ಸರಿಸಿ, ಒಳಗೆ ಆಯಿಲ್ ಒಸರಿದೆಯೇ ಎಂದು ನೋಡಿದರೆ ಮುಗಿಯಿತು. ಸ್ಲೇವ್ ಸಿಲಿಂಡರನ್ನು ಗೇರ್ ಬಾಕ್ಸಿನ ಒಳಗೇ ಇಟ್ಟ ಕಾರುಗಳಲ್ಲಿ ಇದೇ ಪುಟ್ಟ ರಬ್ಬರಿಗಾಗಿ ಇಡೀ ಬಾಕ್ಸ್ ಇಳಿಸಬೇಕಾಗುತ್ತದೆ. ಅಂಥ ವಿನ್ಯಾಸ ಮಾಡಿದ ಎಂಜಿನಿಯರನ್ನು ಮಳೆಗಾಲದಲ್ಲಿ ಒಂದು ದಿನ ಕಾರಿನ ಕೆಳಗೆ ಮಲಗಿಸಬೇಕು.

ಘಾಟಿ ಹತ್ತಿ ಬಂದ ಕಾರಿನ ಬ್ರೇಕ್ ಆಯಿಲನ್ನೂ ನೋಡಬೇಕು, ಬಹುತೇಕ ಹೈಡ್ರಾಲಿಕ್ ಕ್ಲಚ್ಚಿಗೂ ಅದೇ ಆಯಿಲ್. ಡಾಟ್ 4 ಆಯಿಲಿನ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್; ಗಾಳಿಯ ತೇವ ಹೀರಿದ ಮೇಲೆ ಅದಕ್ಕಿರುವ ಕನಿಷ್ಠ ಮಿತಿ 155. ವರ್ಷಗಟ್ಟಲೆ ಬದಲಿಸದ ಆಯಿಲು ಬಿಸಿಯಲ್ಲಿ ಗುಳ್ಳೆ ಎದ್ದು ಪೆಡಲ್ ಮೆತ್ತಗಾಗುತ್ತದೆ, ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಸರಿಹೋಗುತ್ತದೆ. ಬೇಲೂರಲ್ಲಿ ಕಾಡಿದ್ದು ಅರಸೀಕೆರೆಯ ಗ್ಯಾರೇಜಿನಲ್ಲಿ ಕಾಣದಿದ್ದರೆ ಅದು ಮಾಲೀಕರ ಭ್ರಮೆಯಲ್ಲ.

ಜಾರುವ ಕ್ಲಚ್ಚಿನ ಕಥೆ ಇದಕ್ಕೆ ತದ್ವಿರುದ್ಧ. ಗೇರ್ ಚೆನ್ನಾಗಿ ಬೀಳುತ್ತದೆ, ಕಾರು ಎಳೆಯುವುದಿಲ್ಲ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 50-60ರ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಬೇಕು. ಆರ್‌ಪಿಎಂ ಮುಳ್ಳು ಮೇಲೆ ಹಾರಿ ಸ್ಪೀಡೊಮೀಟರ್ ನಿಂತಲ್ಲೇ ನಿಂತರೆ ಪ್ಲೇಟ್ ಸವೆದಿದೆ, ಇಲ್ಲವೇ ಅದರ ಮೇಲೆ ಆಯಿಲ್ ಬಿದ್ದಿದೆ. ಪ್ಲೇಟು ಬದಲಿಸುವಾಗ ಫ್ಲೈವೀಲನ್ನು ಹಾಗೇ ಬಿಡುವುದು ಲೋಭಿಯ ಲೆಕ್ಕ. ಅದರ ಮೇಲೆ ನೀಲಿ ಸುಟ್ಟ ಕಲೆಗಳಿದ್ದರೆ, ತಯಾರಕರು ಒಪ್ಪುವಷ್ಟು ಮಾತ್ರ ಲೇಥಿನಲ್ಲಿ ಸವರಿಸಬೇಕು. ಇಲ್ಲದಿದ್ದರೆ ಹೊಸ ಪ್ಲೇಟೂ ಮೊದಲ ಗೇರಿನಲ್ಲಿ ನಡುಗುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಕಡೆದ ಕಂಬಗಳನ್ನು ನೋಡಿದವರಿಗೆ, ಲೇಥ್ ಕೆಲಸದ ನಯವೇನೆಂದು ಈ ಊರಿನಲ್ಲಿ ವಿವರಿಸಬೇಕಾಗಿಲ್ಲ.

ಎರಡನೇ ಗೇರ್ ಒಂದೇ ಕರಕರ ಎಂದು ಉಳಿದವು ಸುಮ್ಮನಿದ್ದರೆ ಕ್ಲಚ್ಚನ್ನು ಬಿಟ್ಟು ಸಿಂಕ್ರೊನೈಸರನ್ನು ಹಿಡಿಯಬೇಕು. 1972ರಿಂದ 1986ರವರೆಗಿನ ಪೋರ್ಶೆ 911ರ 915 ಗೇರ್ ಬಾಕ್ಸ್ ತಣ್ಣಗಿದ್ದಾಗ ಎರಡನೇ ಗೇರಿಗೆ ಅವಸರ ಸಹಿಸುತ್ತಿರಲಿಲ್ಲ. 1987ರಲ್ಲಿ ಜಿ50 ಬಾಕ್ಸೂ ಹೈಡ್ರಾಲಿಕ್ ಕ್ಲಚ್ಚೂ ಬಂದ ಮೇಲೆ ಆ ಗೊಣಗಾಟ ಕಡಿಮೆಯಾಯಿತು. ಇಲ್ಲಿ ಗೇರ್ ಆಯಿಲಿನ ಪಾತ್ರವೂ ಉಂಟು. ಜಿಎಲ್-4 ಕೇಳುವ ಬಾಕ್ಸಿಗೆ ಅಂಗಡಿಯಲ್ಲಿ ಸಿಕ್ಕಿದ ಜಿಎಲ್-5 ಸುರಿದರೆ ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಒಗ್ಗದೇ ಹೋಗಬಹುದು.

ಬೇಲೂರಿನ ಪಕ್ಕದ ಚಿಕ್ಕಮಗಳೂರು ಕಾಫಿ ತೋಟಗಳ ದಾರಿಯಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ನಡೆಸಿದ ಊರು. 2013, 2016, 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದ ಗೌರವ್ ಗಿಲ್ ಅವರ ಸ್ಕೋಡಾ ಫೇಬಿಯಾದಂಥ ರ್‍ಯಾಲಿ ಕಾರುಗಳು ಕ್ಲಚ್ ಒತ್ತದೆಯೇ ಗೇರ್ ಏರಿಸಿಕೊಳ್ಳುತ್ತವೆ. ಅವುಗಳ ಸೀಕ್ವೆನ್ಷಿಯಲ್ ಬಾಕ್ಸಿನಲ್ಲಿ ಸಿಂಕ್ರೊನೈಸರೇ ಇಲ್ಲ, ಒರಟು ಹಲ್ಲುಗಳು ನೇರ ಕಚ್ಚಿಕೊಳ್ಳುತ್ತವೆ. ಅದನ್ನು ಕಂಡ ಹುಡುಗರು ಮನೆಯ ಕಾರಿನಲ್ಲಿ ಅನುಕರಿಸಿದರೆ ಸವೆಯುವುದು ಆ ಹಿತ್ತಾಳೆ ರಿಂಗುಗಳೇ.

ಕರ್ನಾಟಕದ್ದೇ ಆದ ಸ್ಪೋರ್ಟ್ಸ್ ಕಾರೊಂದಿದೆ: ಬೆಂಗಳೂರಿನ ಸ್ಯಾನ್ ಮೋಟರ್ಸ್‌ನ ಸ್ಯಾನ್ ಸ್ಟಾರ್ಮ್. 1990ರ ದಶಕದ ಕೊನೆಯಲ್ಲಿ ಬಂದ ಇದಕ್ಕೆ ಎರಡೇ ಸೀಟು, ಫೈಬರ್ ಗ್ಲಾಸ್ ಮೈ, 1149 ಸಿಸಿಯ ರೆನೊ ಇಂಜಿನ್, ಸುಮಾರು 60 ಅಶ್ವಶಕ್ತಿ. ವೇಗಕ್ಕಿಂತ ಹುಮ್ಮಸ್ಸು ಹೆಚ್ಚಿದ್ದ ಕಾರು. ಇಂದು ಅಪರೂಪವಾದ್ದರಿಂದ ಅದನ್ನು ಕಂಡ ಗ್ಯಾರೇಜುಗಳು ಅಂಜುತ್ತವೆ. ಆದರೆ ಅದೇ ರೆನೊ ಇಂಜಿನ್ ಯುರೋಪಿನ ಕ್ಲಿಯೊ, ಟ್ವಿಂಗೊಗಳಲ್ಲೂ ಇತ್ತು. ಹಳೆಯ ಪ್ಲೇಟಿನ ವ್ಯಾಸ ಅಳೆದು, ನಡುವಿನ ಸ್ಪ್ಲೈನ್ ಹಲ್ಲುಗಳನ್ನು ಎಣಿಸಿ, ಎರಡನ್ನೂ ಬರೆದಿಟ್ಟುಕೊಂಡರೆ ಹೊಂದುವ ಪ್ಲೇಟ್ ಹುಡುಕಲು ಒಂದು ದಾರಿ ಸಿಗುತ್ತದೆ.

ಪ್ಯಾಡಲ್ ಗೇರಿನ ಡ್ಯುಯಲ್ ಕ್ಲಚ್ ಕಾರುಗಳಿಗೆ ಮೇಲಿನ ಯಾವ ಕಾಲಿನ ಪರೀಕ್ಷೆಯೂ ನಡೆಯದು, ಒತ್ತಲು ಪೆಡಲೇ ಇಲ್ಲ. ಹಂಪಿನ ಮುಂದೆ ಒದರಾಟ, ಡ್ಯಾಶ್‌ಬೋರ್ಡಿನಲ್ಲಿ ಗೇರ್ ಗುರುತಿನ ಮಿಣುಕು ಕಂಡರೆ ಸ್ಕ್ಯಾನರ್ ಇರುವವರನ್ನೇ ಹುಡುಕಬೇಕು. ಗೇರ್ ಎಂಗೇಜ್ ಆಗದೆ ನಿಂತಿದ್ದರೆ ಹಗ್ಗ ಕಟ್ಟಿ ಅರಸೀಕೆರೆವರೆಗೆ ಎಳೆಸುವ ಯೋಚನೆ ಬೇಡ. ಫ್ಲ್ಯಾಟ್‌ಬೆಡ್ ಲಾರಿ ತರಿಸಿ, ನಾಲ್ಕೂ ಚಕ್ರ ನೆಲ ಮುಟ್ಟದಂತೆ ಏರಿಸಿ ಬೆಂಗಳೂರಿಗೆ ಕಳಿಸಬೇಕು.