ಭೋಂಗಾ ನಿಂತ ಮೇಲಿನ ರಾತ್ರಿ

2020ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಮುಂಬಯಿಯ ಕೆಲವು ಭಾಗಗಳಲ್ಲಿ ಅಂಗಡಿ, ಹೋಟೆಲು, ಮಾಲ್, ಚಿತ್ರಮಂದಿರಗಳು ದಿನದ 24 ಗಂಟೆಯೂ ತೆರೆದಿರಬಹುದು ಎಂದು ತೀರ್ಮಾನಿಸಿತು. ಪತ್ರಿಕೆಗಳು ಇದನ್ನು ‘ನೈಟ್ ಲೈಫ್’ ಎಂದು ಕರೆದವು. ಆ ತೀರ್ಮಾನಕ್ಕೆ ಒಂದು ಷರತ್ತಿತ್ತು: ಜನವಸತಿ ಇಲ್ಲದ, ಗೇಟು ಕಾಂಪೌಂಡು ಇರುವ ಜಾಗಗಳಿಗೆ ಮಾತ್ರ ಈ ಅವಕಾಶ. ಮಾಲ್‌ಗಳ ಜೊತೆಗೆ ಹಳೆಯ ಬಟ್ಟೆ ಗಿರಣಿಗಳ ಆವರಣಗಳೂ ಈ ಲೆಕ್ಕದೊಳಗೆ ಬಂದವು. ಅಕ್ಕಪಕ್ಕದವರ ನಿದ್ದೆ ಕೆಡಬಾರದೆಂಬ ಕಾಳಜಿ ಇದರಲ್ಲಿದೆ, ಅದನ್ನು ತಪ್ಪೆನ್ನಲಾಗದು. ಆದರೆ ಆ ಗಿರಣಿಗಳ ಸುತ್ತಲಿನ ಸಾಹಿತ್ಯವನ್ನು ಓದಿದವರಿಗೆ ಈ ಷರತ್ತು ಒಂದು ಮುಳ್ಳಿನಂತೆ ಚುಚ್ಚುತ್ತದೆ. ಯಾಕೆಂದರೆ ಮುಂಬಯಿಯಲ್ಲಿ ರಾತ್ರಿಯಿಡೀ ಎಚ್ಚರವಾಗಿದ್ದ ಮೊದಲ ಪ್ರದೇಶಗಳಲ್ಲಿ ಇದೂ ಒಂದು. ಅಲ್ಲಿ ಜನ ಒತ್ತೊತ್ತಾಗಿ ವಾಸಿಸುತ್ತಿದ್ದರು ಎಂಬುದೇ ಆ ಎಚ್ಚರಕ್ಕೆ ಕಾರಣವಾಗಿತ್ತು.

ಪರೇಲ್, ಲಾಲ್‌ಬಾಗ್, ವರ್ಲಿ, ಬೈಕುಲಾಗಳ ನಡುವಿನ ಈ ಸೀಮೆಗೆ ಮರಾಠಿಯಲ್ಲಿ ಗಿರಣಗಾಂವ್ ಎಂದು ಹೆಸರು. ಗಿರಣಿಗಳ ಊರು. ಸುಮಾರು 600 ಎಕರೆಯಲ್ಲಿ ಐವತ್ತಕ್ಕೂ ಹೆಚ್ಚು ಬಟ್ಟೆ ಗಿರಣಿಗಳು, ಅವುಗಳ ಸುತ್ತ ಚಾಳುಗಳು. ಗಿರಣಿಯ ಸೈರನ್ನಿಗೆ ಅಲ್ಲಿನವರು ‘ಭೋಂಗಾ’ ಎನ್ನುತ್ತಿದ್ದರು. ದಿನಕ್ಕೆ ಮೂರು ಪಾಳಿ. ಕೊಂಕಣದಿಂದ, ಸಾತಾರಾ ಸಾಂಗ್ಲಿಗಳಿಂದ ಬಂದ ಗಂಡಸರು ಒಂದೇ ಖೋಲಿಯಲ್ಲಿ ಹತ್ತು ಹದಿನೈದು ಜನ ಸೇರಿ ಇರುತ್ತಿದ್ದರು. ಒಬ್ಬನು ಕೆಲಸಕ್ಕೆ ಹೋದಾಗ ಅವನ ಜಾಗದಲ್ಲಿ ಇನ್ನೊಬ್ಬ ಮಲಗುತ್ತಿದ್ದ. ಹೀಗೆ ನಿದ್ದೆಗೂ ಪಾಳಿಯಿದ್ದ ಊರಿನಲ್ಲಿ ರಾತ್ರಿ ಎನ್ನುವುದು ಎಲ್ಲರಿಗೂ ಒಂದೇ ಹೊತ್ತಿಗೆ ಆಗುತ್ತಿರಲಿಲ್ಲ. ಎರಡನೆಯ ಪಾಳಿ ಮುಗಿಸಿ ಬಂದವನಿಗೆ ಮಲಗಲು ಜಾಗ ಖಾಲಿಯಾಗುವತನಕ ಎಲ್ಲಾದರೂ ಹೊತ್ತು ಕಳೆಯಬೇಕಿತ್ತು. ಆ ಹೊತ್ತು ಭಜನಾ ಮಂಡಳಿಗೆ, ಓಣಿಯ ನಾಟಕದ ತಾಲೀಮಿಗೆ, ತಮಾಶಾದ ಕೊನೆಯ ಸಾಲಿಗೆ ಹೋಯಿತು. ಕೊಂಕಣದವರು ತಮ್ಮ ದಶಾವತಾರವನ್ನು ತಂದರು, ಘಟ್ಟದ ಮೇಲಿನವರು ಲಾವಣಿ, ಪೋವಾಡಗಳನ್ನು ತಂದರು. ಕಾಮಗಾರ್ ಕಲ್ಯಾಣ ಕೇಂದ್ರಗಳ ನಾಟಕ ಸ್ಪರ್ಧೆಗಳಲ್ಲಿ ಗಿರಣಿಯವರೇ ನಟರು, ಗಿರಣಿಯವರೇ ಪ್ರೇಕ್ಷಕರು.

ಆದರೂ ಇದನ್ನು ಯಾರೂ ‘ಕಲೆಯ ಬಡಾವಣೆ’ ಎಂದು ಕರೆಯಲಿಲ್ಲ. ಆ ಪದವಿ ದಕ್ಷಿಣ ಮುಂಬಯಿಯ ಕಾಲಾಘೋಡಾಕ್ಕೆ ಸಂದಿತು. ಆರ್ಟ್ ಗ್ಯಾಲರಿಗಳಿರುವ ಆ ಪ್ರದೇಶದಲ್ಲಿ 1999ರಿಂದ ಕಲಾ ಉತ್ಸವ ನಡೆಯುತ್ತಿದೆ. ಅದರ ಬಗ್ಗೆ ತಕರಾರಿಲ್ಲ. ಆದರೆ ಗೋಡೆಗೆ ತೂಗುಹಾಕಬಹುದಾದದ್ದು ಮಾತ್ರ ಕಲೆ, ಢೋಲ್ಕಿಯ ಸದ್ದು ‘ಮನರಂಜನೆ’ ಎಂಬ ವಿಂಗಡಣೆ ಎಷ್ಟು ಸಲೀಸಾಗಿ ನಗರ ಯೋಜನೆಯ ಭಾಷೆಯೂ ಆಗಿಬಿಡುತ್ತದೆ ಎಂಬುದನ್ನು ಗಮನಿಸಬೇಕು. ಕಲೆಯೆಂದು ಗುರುತಾದ ಕಟ್ಟಡಕ್ಕೆ ಪಾರಂಪರಿಕ ರಕ್ಷಣೆ ಸಿಗುತ್ತದೆ. ಗುರುತಾಗದ ಕಲೆ ಇದ್ದ ಜಾಗಕ್ಕೆ ಸಿಗುವುದು ಚದರಡಿಯ ಬೆಲೆ ಮಾತ್ರ. ಲಾಲ್‌ಬಾಗಿನಲ್ಲಿ ತಮಾಶಾ ಫಡಗಳಿಗೆ ಮನೆಯಾಗಿದ್ದ ಹನುಮಾನ್ ಥಿಯೇಟರ್ ಕಡೆಗೆ ಮದುವೆ ಹಾಲ್ ಆಯಿತು. ಪರೇಲಿನ ದಾಮೋದರ್ ನಾಟ್ಯಗೃಹ ನೂರು ವರ್ಷ ದಾಟಿದ ಮೇಲೆ 2023ರಲ್ಲಿ ಮರುನಿರ್ಮಾಣಕ್ಕೆಂದು ಬಾಗಿಲು ಹಾಕಿತು, ರಂಗಕರ್ಮಿಗಳು ಬೀದಿಗಿಳಿದು ಪ್ರತಿಭಟಿಸಬೇಕಾಯಿತು.

ಈ ಗುರುತಾಗದ ಕಲೆ ಏನನ್ನು ಕೊಟ್ಟಿತು ಎಂದು ಕೇಳಿದರೆ ಮೊದಲು ನೆನಪಾಗುವ ಹೆಸರು ಅಣ್ಣಾಭಾವು ಸಾಠೆ. ಸಾಂಗ್ಲಿಯ ಹಳ್ಳಿಯಿಂದ ಬಂದು, ಗಿರಣಿಯಲ್ಲಿ ದುಡಿದು, ಅಮರ್ ಶೇಖ್ ಮತ್ತು ಗವ್ಹಾಣಕರ್ ಜೊತೆ ‘ಲಾಲ್ ಬಾವಟಾ ಕಲಾಪಥಕ’ ಕಟ್ಟಿದವರು. ಮುಂಬಯಿಯ ಸಿರಿವಂತಿಕೆ ಮತ್ತು ದಾರಿದ್ರ್ಯವನ್ನು ಎದುರುಬದುರು ನಿಲ್ಲಿಸುವ ಅವರ ಲಾವಣಿ, ಶೃಂಗಾರಕ್ಕೆ ಮೀಸಲೆಂದು ತಿಳಿದಿದ್ದ ಒಂದು ಪ್ರಕಾರವನ್ನೇ ನಗರ ವಿಮರ್ಶೆಯಾಗಿ ತಿರುಗಿಸಿತು. ‘ಮಾಝಿ ಮೈನಾ’ ಇನ್ನೂ ತೊಡಕಿನ ಕೃತಿ. ಊರಲ್ಲಿ ಬಿಟ್ಟುಬಂದ ಹೆಂಡತಿಯ ವಿರಹ ಅದರಲ್ಲಿ ಸಂಯುಕ್ತ ಮಹಾರಾಷ್ಟ್ರದ ಬೇಡಿಕೆಯಾಗಿ ಬೆಳೆಯುತ್ತದೆ. ಕೈತಪ್ಪಿದ ನೆಲದ ಪಟ್ಟಿಯಲ್ಲಿ ಬೆಳಗಾವಿ, ಕಾರವಾರಗಳೂ ಬರುತ್ತವೆ. ಕನ್ನಡದ ಓದುಗರಿಗೆ ಅಲ್ಲಿ ಇರಿಸುಮುರಿಸಾಗುವುದು ಸಹಜ. ಅದನ್ನು ಮುಚ್ಚಿಟ್ಟು ಈ ಹಾಡನ್ನು ಮೆಚ್ಚುವುದು ಬೇಡ. ರಾತ್ರಿ ಪಾಳಿಯವನ ಒಂಟಿತನವೂ ಗಡಿಯ ಹಟವೂ ಒಂದೇ ಕೊರಳಲ್ಲಿ ಹೊರಟವು ಎಂಬುದು, ಈ ಕಲೆ ಮ್ಯೂಸಿಯಮ್ಮಿನ ಗಾಜಿನೊಳಗಿನ ಜಾನಪದವಾಗಿರದೆ ತನ್ನ ಕಾಲದ ಜಗಳಗಳಲ್ಲಿ ಮೈಯೊಡ್ಡಿ ನಿಂತಿತ್ತು ಎನ್ನುವುದಕ್ಕೆ ಸಾಕ್ಷಿ.

ಇನ್ನೊಬ್ಬರು ನಾರಾಯಣ ಸುರ್ವೆ. ಬೀದಿಯಲ್ಲಿ ಸಿಕ್ಕ ಹಸುಗೂಸನ್ನು ಗಿರಣಿ ಕಾರ್ಮಿಕ ಗಂಗಾರಾಮ್ ಸುರ್ವೆ ದಂಪತಿ ಮನೆಗೆ ತಂದು ಸಾಕಿದರು. ಆ ಮಗು ಬೆಳೆದು 1966ರಲ್ಲಿ ತನ್ನ ಕವನ ಸಂಕಲನಕ್ಕೆ ‘ಮಾಝೆ ವಿದ್ಯಾಪೀಠ’, ಎಂದರೆ ನನ್ನ ವಿಶ್ವವಿದ್ಯಾಲಯ, ಎಂದು ಹೆಸರಿಟ್ಟಿತು. ಆ ವಿಶ್ವವಿದ್ಯಾಲಯ ಗಿರಣಗಾಂವದ ಬೀದಿಯೇ. ಸಾಠೆ ಹಾಡಿದ್ದು ನೆರೆದ ಜನರಿಗಾದರೆ, ಸುರ್ವೆ ಬರೆದದ್ದು ಆ ಜನರೊಳಗಿನ ಒಬ್ಬೊಬ್ಬನ ಮಾತನ್ನು. ಈ ಇಬ್ಬರಲ್ಲಿ ಯಾರಿಗೂ ತಮ್ಮ ಓದುಗರನ್ನು, ಕೇಳುಗರನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ಭೋಂಗಾ ಕೇಳುವಷ್ಟು ದೂರದಲ್ಲಿ ಎಲ್ಲರೂ ಇದ್ದರು.

ಹಾಗೆಂದು ಆ ರಾತ್ರಿಯನ್ನು ಬಂಗಾರದ್ದೆಂದು ಹೊಗಳುವುದೂ ಸುಳ್ಳಾದೀತು. ಅದು ಬಹುಪಾಲು ಗಂಡಸರ ರಾತ್ರಿ. ಕಾರ್ಖಾನೆ ಕಾಯ್ದೆ ಹೆಂಗಸರಿಗೆ ರಾತ್ರಿ ಕೆಲಸವನ್ನು ನಿಷೇಧಿಸಿತ್ತು. ಪಾಳಿಯವರಿಗೆ ಊಟ ಹಾಕುತ್ತಿದ್ದ ಖಾನಾವಳಿಯ ಹೆಂಗಸರಿಗೆ ಮಾತ್ರ ಮೂರೂ ಪಾಳಿಯ ಕೆಲಸವಿತ್ತು, ಯಾವ ಪಾಳಿಯ ಹಾಜರಿ ಪುಸ್ತಕದಲ್ಲೂ ಹೆಸರಿರಲಿಲ್ಲ. ಅವರನ್ನು ಸಂಘಟಿಸಿ ಪ್ರೇಮಾ ಪುರವ್ ಅನ್ನಪೂರ್ಣಾ ಮಹಿಳಾ ಮಂಡಳ ಶುರುಮಾಡಿದ್ದು 1975ರಲ್ಲಿ. ತಮಾಶಾದ ವೇದಿಕೆಯ ಮೇಲಿನ ಹೆಣ್ಣಿಗೆ ಚಪ್ಪಾಳೆಯಿತ್ತು, ಮರ್ಯಾದೆ ಎಷ್ಟಿತ್ತೆಂಬುದು ಬೇರೆಯೇ ಪ್ರಶ್ನೆ. ನೀರಾ ಆಡಾರ್ಕರ್ ಮತ್ತು ಮೀನಾ ಮೆನನ್ ಗಿರಣಗಾಂವದ ಜನರ ಮಾತುಗಳನ್ನು ಸಂಗ್ರಹಿಸಿ 2004ರಲ್ಲಿ ಪ್ರಕಟಿಸಿದ ಪುಸ್ತಕದ ದೊಡ್ಡ ಗುಣವೆಂದರೆ, ನೂರು ವರ್ಷದ ಚರಿತ್ರೆಯನ್ನು ಅದು ಒಂದೇ ದನಿಯಲ್ಲಿ ಹೇಳುವುದಿಲ್ಲ. ಹಂಬಲ ಮತ್ತು ಸಿಟ್ಟು ಅಲ್ಲಿ ಅಕ್ಕಪಕ್ಕದಲ್ಲೇ ಕೂತಿವೆ.

1982ರ ಜನವರಿ 18ರಂದು ದತ್ತಾ ಸಾಮಂತ್ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅದು ಅಧಿಕೃತವಾಗಿ ಮುಗಿಯಲೇ ಇಲ್ಲ, ಸೋಲು ಮಾತ್ರ ಸಣ್ಣಸಣ್ಣದಾಗಿ ಮನೆಮನೆಗೆ ಬಂತು. ಒಂದೊಂದಾಗಿ ಭೋಂಗಾಗಳು ನಿಂತವು. 1991ರ ನಿಯಮದಂತೆ ಗಿರಣಿ ಜಮೀನನ್ನು ಮಾರುವಾಗ ಹೆಚ್ಚುಕಡಿಮೆ ಮೂರು ಪಾಲು ಮಾಡಬೇಕಿತ್ತು: ಒಂದು ನಗರದ ಬಯಲಿಗೆ, ಒಂದು ಸಾರ್ವಜನಿಕ ವಸತಿಗೆ, ಒಂದು ಮಾಲೀಕರಿಗೆ. 2001ರ ತಿದ್ದುಪಡಿ ಆ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಸೀಮಿತಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಗಿರಣಿಯೆಂದರೆ ಬಹುಪಾಲು ಕಟ್ಟಡವೇ, ಹಾಗಾಗಿ ಊರಿನ ಪಾಲಿಗೆ ಉಳಿದದ್ದು ಚೂರುಪಾರು. ಮನೆಗಾಗಿ ಅರ್ಜಿ ಹಾಕಿದ ಕಾರ್ಮಿಕ ಕುಟುಂಬಗಳು ಲಕ್ಷಕ್ಕೂ ಮೀರಿದ್ದವು, ಲಾಟರಿಯಲ್ಲಿ ಮನೆ ಸಿಕ್ಕವರು ಅದರಲ್ಲಿ ಒಂದು ಸಣ್ಣ ಭಾಗ. ಫೀನಿಕ್ಸ್ ಮಿಲ್ಲಿನ ಆವರಣದಲ್ಲಿ ಕಾರ್ಮಿಕರ ಮನರಂಜನೆಗೆಂದು ಪಡೆದ ಅನುಮತಿಯ ಮೇಲೆ ಬೌಲಿಂಗ್ ಕೇಂದ್ರ ಎದ್ದದ್ದು ಆ ಕಾಲದ ಪ್ರಸಿದ್ಧ ಸಂಗತಿ. ಕಾರ್ಮಿಕ ಎಂಬ ಪದ ಕಾಗದದಲ್ಲಿ ಇರಲೇಬೇಕಿತ್ತು, ಕಾರ್ಮಿಕ ಅಲ್ಲಿ ಇರಬೇಕಿರಲಿಲ್ಲ.

ಈ ಬೀಳುವಿಕೆಯನ್ನು ಒಳಗಿನಿಂದ ಬರೆದವರು ಜಯಂತ್ ಪವಾರ್. ಅವರ ‘ಅಧಾಂತರ’ ನಾಟಕದ ಹೆಸರಿಗೆ ಅತಂತ್ರ, ನಡುಗಾಳಿಯಲ್ಲಿ ನೇತಾಡುವುದು ಎಂಬೆಲ್ಲ ಅರ್ಥಗಳಿವೆ. ಗಿರಣಿ ಮುಚ್ಚಿದ ಮೇಲೆ ಒಂದು ಕುಟುಂಬ ಹೇಗೆ ಒಳಗೊಳಗೇ ಒಡೆಯುತ್ತದೆ ಎಂಬುದೇ ಅದರ ವಸ್ತು. 2010ರಲ್ಲಿ ಮಹೇಶ್ ಮಾಂಜ್ರೇಕರ್ ಇದನ್ನು ಆಧರಿಸಿ ‘ಲಾಲ್‌ಬಾಗ್ ಪರಳ್’ ಎಂದು ಮರಾಠಿಯಲ್ಲೂ ‘ಸಿಟಿ ಆಫ್ ಗೋಲ್ಡ್’ ಎಂದು ಹಿಂದಿಯಲ್ಲೂ ಸಿನಿಮಾ ಮಾಡಿದರು. ಸಿನಿಮಾಕ್ಕೆ ರೋಷವಿದೆ, ಆದರೆ ಅದರ ಕ್ಯಾಮೆರಾ ಭೂಗತ ಲೋಕದ ನೆತ್ತರಿನ ಕಡೆ ಬೇಗ ವಾಲುತ್ತದೆ. ಬೀದಿಯ ಕೊಲೆ ತೆರೆ ತುಂಬಿದಾಗ ಖೋಲಿಯೊಳಗಿನ ಹಸಿವು ಹಿನ್ನೆಲೆಗೆ ಸರಿಯುತ್ತದೆ. ಪವಾರರ ಕಥಾಸಂಕಲನ ‘ಫೀನಿಕ್ಸ್‌ಚ್ಯಾ ರಾಖೇತೂನ್ ಉಠಲಾ ಮೋರ್’ 2012ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಫೀನಿಕ್ಸ್‌ನ ಬೂದಿಯಿಂದ ಎದ್ದ ನವಿಲು ಎಂಬ ಈ ಹೆಸರನ್ನು ಓದಿದ ಮುಂಬಯಿಯವನಿಗೆ ಪುರಾಣದ ಹಕ್ಕಿಯ ಜೊತೆ ಆ ಮಾಲ್ ನೆನಪಾಗದೆ ಇರದು. ಬೂದಿಯಿಂದ ಅದೇ ಹಕ್ಕಿ ಏಳುವುದಿಲ್ಲ, ನೋಡಲು ಚೆಂದದ ಬೇರೊಂದು ಹಕ್ಕಿ ಏಳುತ್ತದೆ ಎಂಬ ವ್ಯಂಗ್ಯ ಆ ಹೆಸರಿನಲ್ಲೇ ಇದೆ.

2005ನೇ ಇಸವಿಯನ್ನು ಈ ಕಥೆಯ ಸಂಧಿಕಾಲವೆಂದು ನೋಡಬಹುದು. ರಾಷ್ಟ್ರೀಯ ಜವಳಿ ನಿಗಮ ತನ್ನ ಗಿರಣಿ ಜಮೀನುಗಳನ್ನು ನೂರಾರು ಕೋಟಿಗೆ ಮಾರಿದ ವರ್ಷ ಅದು. ಅದೇ ವರ್ಷ ಮಹಾರಾಷ್ಟ್ರ ಸರ್ಕಾರ ಡ್ಯಾನ್ಸ್ ಬಾರುಗಳನ್ನು ನಿಷೇಧಿಸಿತು. ತ್ರೀಸ್ಟಾರ್ ಮತ್ತು ಅದಕ್ಕಿಂತ ಮೇಲಿನ ಹೋಟೆಲುಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಅದೇ ಕುಣಿತ ಬಡವರ ಬಾರಿನಲ್ಲಿ ಅಶ್ಲೀಲ, ದೊಡ್ಡ ಹೋಟೆಲಿನಲ್ಲಿ ಸಂಸ್ಕೃತಿ. ಈ ತಾರತಮ್ಯ ನಿಲ್ಲದು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಕಾನೂನು ಬಿದ್ದುಹೋದರೂ ಅದರ ಹಿಂದಿನ ಅಭಿರುಚಿ ಬೀಳಲಿಲ್ಲ. ಯಾರ ರಾತ್ರಿಗೆ ಲೈಸೆನ್ಸು, ಯಾರ ರಾತ್ರಿಗೆ ಲಾಠಿ ಎಂಬುದನ್ನು ಅದೇ ಅಭಿರುಚಿ ಈಗಲೂ ತೀರ್ಮಾನಿಸುತ್ತದೆ.

ಗೇಟಿನೊಳಗಿನ ರಾತ್ರಿ ಸುರಕ್ಷಿತ ಎಂಬ ನಂಬಿಕೆಯೂ ಉಳಿಯಲಿಲ್ಲ. 2017ರ ಡಿಸೆಂಬರ್ 29ರ ನಡುರಾತ್ರಿ ದಾಟಿದ ಹೊತ್ತಿನಲ್ಲಿ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಮೇಲ್ಛಾವಣಿಯ ಪಬ್ಬುಗಳಲ್ಲಿ ಬೆಂಕಿ ಹತ್ತಿ 14 ಜನ ಸತ್ತರು. ಮರುದಿನಗಳಲ್ಲಿ ಪಾಲಿಕೆ ನಗರದ ನೂರಾರು ಕಡೆ ಅಕ್ರಮ ಚಪ್ಪರಗಳನ್ನು ಕೆಡವಿತು. ಆ ಸಾವುಗಳನ್ನು ‘ಮೋಜಿಗೆ ಹೋದವರು’ ಎಂದು ತಳ್ಳಿಹಾಕುವುದು ಕ್ರೌರ್ಯ. ಅಲ್ಲಿದ್ದವರೂ ದುಡಿದು ದಣಿದು ಒಂದು ಸಂಜೆಯನ್ನು ಹುಡುಕಿಕೊಂಡು ಬಂದವರೇ. ಹಿಂದೆ ತಮಾಶಾ ಡೇರೆಗೆ ಬಂದವನು ಹುಡುಕಿದ್ದೂ ಅದನ್ನೇ. ಸಂತೋಷದ ಆಸೆಯನ್ನು ಬಯ್ಯುವ ವಿಮರ್ಶೆ ಎಲ್ಲಿಗೂ ಮುಟ್ಟದು. ಕೇಳಬೇಕಾದ ಪ್ರಶ್ನೆ ಆ ಸಂತೋಷವನ್ನು ಯಾವ ಬಗೆಯ ಜಾಗದಲ್ಲಿ, ಯಾರ ದುಡಿಮೆಯ ಮೇಲೆ ಕಟ್ಟಲಾಗಿದೆ ಎಂಬುದು.

ಇಲ್ಲಿ ನಮ್ಮದೇ ಭಾಷೆಯ ಜಯಂತ ಕಾಯ್ಕಿಣಿ ನೆರವಿಗೆ ಬರುತ್ತಾರೆ. ತೇಜಸ್ವಿನಿ ನಿರಂಜನ ಅನುವಾದಿಸಿದ ಅವರ ಮುಂಬಯಿ ಕಥೆಗಳ ಸಂಕಲನಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಕಥೆಗಳ ದೃಷ್ಟಿಕೋನ ಎಲ್ಲಿ ನಿಂತಿದೆ ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ನೋಡಿದೆವೇ? ‘ಒಪೆರಾ ಹೌಸ್’ ಕಥೆಯಲ್ಲಿ ಚಿತ್ರಮಂದಿರವನ್ನು ನಾವು ನೋಡುವುದು ಆಟ ಮುಗಿದ ಮೇಲೆ ಕಸ ಗುಡಿಸುವವನ ಕಣ್ಣಿನಿಂದ. ಪ್ರೇಕ್ಷಕರು ಮರೆತುಹೋದ ಒಂದು ಥರ್ಮಾಸ್ ಫ್ಲಾಸ್ಕು ಅಲ್ಲಿ ಸಿನಿಮಾಕ್ಕಿಂತ ದೊಡ್ಡದಾಗುತ್ತದೆ. ನಗರದ ಮನರಂಜನೆಯ ಕಥೆಯನ್ನು ಪೊರಕೆಯ ಕಡೆಯಿಂದ ಹೇಳಬಹುದು ಎಂದು ಈ ಕಥೆ ಕಲಿಸುತ್ತದೆ. ಅದೇ ಕಣ್ಣಿನಿಂದ ಇವತ್ತಿನ ಗಿರಣಿ ಆವರಣವನ್ನು ನೋಡಿದರೆ ರಾತ್ರಿ ಪಾಳಿ ಎಲ್ಲೂ ನಿಂತಿಲ್ಲ ಎಂಬುದು ಹೊಳೆಯುತ್ತದೆ. ಬಡಿಸುವವರು, ತೊಳೆಯುವವರು, ಬಾಗಿಲಲ್ಲಿ ನಿಲ್ಲುವವರು, ಪಾರ್ಕಿಂಗಿನಲ್ಲಿ ತೂಕಡಿಸುವ ಡ್ರೈವರುಗಳು ಇವತ್ತಿನ ಮೂರನೆಯ ಪಾಳಿಯವರು. ಬಾಗಿಲು ಹಾಕಿದ ಮೇಲೆ ಅವರು ಮೊದಲ ಲೋಕಲ್ ಹಿಡಿದು ವಿರಾರ್, ಕಲ್ಯಾಣಗಳ ಕಡೆ ಚೆದುರಿಹೋಗುತ್ತಾರೆ. ಅವರಿಗೆ ಹತ್ತಿರದಲ್ಲಿ ಖೋಲಿಯಿಲ್ಲ, ಖಾನಾವಳಿಯಿಲ್ಲ, ಕಾಯುತ್ತ ಕೂರುವ ಕಟ್ಟೆಯಿಲ್ಲ. ಕಟ್ಟೆಯಿಲ್ಲದ ಕಡೆ ಭಜನಾ ಮಂಡಳಿ ಹುಟ್ಟುವುದಾದರೂ ಹೇಗೆ?

ಕಲೆಯ ಬಡಾವಣೆಗೆ ಒಂದು ವ್ಯಾಖ್ಯೆ ಬೇಕಿದ್ದರೆ ಅದನ್ನು ಇಲ್ಲಿಂದ ಪಡೆಯಬಹುದು: ರಾತ್ರಿ ದುಡಿಯುವವನಿಗೆ ದುಡಿಮೆಯ ಹತ್ತಿರವೇ ಮಲಗಲು ಜಾಗವಿರುವ, ಮಲಗುವ ಮುಂಚೆ ಒಂದು ಗಂಟೆ ಇನ್ನೊಬ್ಬರ ಜೊತೆ ಕೂರಬಹುದಾದ ಊರು. ಗ್ಯಾಲರಿ, ಗೋಡೆಚಿತ್ರ, ದೀಪಾಲಂಕಾರಗಳನ್ನು ಆಮೇಲೂ ತರಬಹುದು. ಆ ಒಂದು ಗಂಟೆಯನ್ನು ಯಾವ ಡೆವಲಪರನೂ ಹೊರಗಿನಿಂದ ತಂದುಕೊಡಲಾರ. 2020ರ ಷರತ್ತು ಕಿತ್ತುಕೊಂಡದ್ದು ಅದನ್ನೇ.

ಇದು ಮುಂಬಯಿಯ ಕಥೆ ಮಾತ್ರ ಎಂದು ನಾವು ನಿಟ್ಟುಸಿರು ಬಿಡುವಂತಿಲ್ಲ. ಮಲ್ಲೇಶ್ವರದ ರಾಜಾ ಮಿಲ್ ಇದ್ದ ಜಾಗದಲ್ಲಿ ಈಗ ಮಾಲ್ ಇದೆ. ಬೆಂಗಳೂರಿನ ಗಿರಣಿಯವರು ಪಾಳಿ ಮುಗಿಸಿ ಏನು ಹಾಡಿದರು, ಯಾವ ನಾಟಕ ಆಡಿದರು ಎಂದು ಕನ್ನಡ ಸಾಹಿತ್ಯದಲ್ಲಿ ಹುಡುಕಿದರೆ ಕೈಗೆ ಸಿಗುವುದು ಕಡಿಮೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸ ಬಾಕಿಯಿದೆ. ಹಳೆಯ ಪಾಳಿಯ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಹೊಸ ಪಾಳಿಯವರು ಇವತ್ತು ರಾತ್ರಿಯೂ ಕೆಲಸಕ್ಕೆ ಹೋಗುತ್ತಾರೆ.