ಕಲ್ಲಿನ ಪ್ರಮಾಣ ಬರೆದೆವು, ಚಿತ್ರದ್ದು ಮರೆತೆವು

ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಿರುವಿದವರಿಗೆ ಗೊತ್ತು: ಎಷ್ಟೋ ಶಾಸನಗಳಲ್ಲಿ ಪಾಠಕ್ಕೆ ಮೊದಲೇ ಕಲ್ಲು ಎಲ್ಲಿದೆ, ಅದರ ‘ಪ್ರಮಾಣ’ ಎಷ್ಟು ಅಡಿ, ಎಷ್ಟು ಅಂಗುಲ ಅಂತ ಬರೆದಿರುತ್ತದೆ. ಅದೇ ಕಲ್ಲಿನ ಫೋಟೋವನ್ನು ಡಿಜಿಟಲ್ ಸಂಗ್ರಹಕ್ಕೆ ಏರಿಸುವಾಗ ಮಾತ್ರ ಈ ಶಿಸ್ತು ಸಡಿಲವಾಗುತ್ತದೆ.

ಓಮೇಕಾ ಎಸ್ ತಂತ್ರಾಂಶವನ್ನೇ ನೋಡಿ. ಮೂಲ ಚಿತ್ರದಿಂದ ಅದು ಚಿಕ್ಕ ಪ್ರತಿಗಳನ್ನು ತಾನೇ ಮಾಡಿಕೊಳ್ಳುತ್ತದೆ. ನಾವು ಬದಲಿಸದಿದ್ದರೆ ‘ದೊಡ್ಡ’ ಪ್ರತಿಯ ಉದ್ದನೆಯ ಬದಿಯೂ 800 ಪಿಕ್ಸೆಲ್ ಅಷ್ಟೆ. ಪುಟದಲ್ಲಿ ತೋರಿಸೋಕೆ ಇದು ಸಾಕು. ಆದರೆ ಮೂಲ ಕಡತ ದೂರದ ಸರ್ವರಿನಲ್ಲಿದ್ದಾಗ ಅದರ ಅಗಲ-ಎತ್ತರ ತಿಳಿಯುವುದು ಹೇಗೆ? ಪ್ರತಿ ಸಲವೂ ಇಡೀ ಕಡತ ತರಿಸಿ ಅಳೆದರೆ ಪುಟ ತೆವಳುತ್ತದೆ. ಕೈಗೆ ಸಿಕ್ಕ ಚಿಕ್ಕ ಪ್ರತಿಯ ಅಳತೆಯನ್ನೇ ಮೂಲದ್ದು ಅಂತ ಬರೆದುಬಿಟ್ಟರೆ ಅದು ಇನ್ನೂ ಕೆಟ್ಟದ್ದು.

ಯಾಕೆ ಅಂತೀರಾ? ಐಐಐಎಫ್ ಪದ್ಧತಿಯಲ್ಲಿ ‘14ನೇ ಸಾಲಿನ ಈ ಅಕ್ಷರ ಸಂದಿಗ್ಧ’ ಎಂಬ ಟಿಪ್ಪಣಿ ಚಿತ್ರದ ಚೌಕಟ್ಟಿನ ಮೇಲಿನ ನಾಲ್ಕು ಅಂಕಿಗಳಿಗೆ ಅಂಟಿರುತ್ತದೆ. 4000 × 6000 ಪಿಕ್ಸೆಲ್ ಫೋಟೋದಲ್ಲಿ ಮೇಲಿನಿಂದ 5000ದ ಹತ್ತಿರ ಗುರುತು ಹಾಕಿದ್ದೀರಿ ಅಂದುಕೊಳ್ಳಿ. ಚೌಕಟ್ಟನ್ನು 533 × 800 ಅಂತ ಬರೆದರೆ ಆ ಗುರುತು ಕಲ್ಲಿನಿಂದಲೇ ಹೊರಗೆ! ಫೋನಿನ ಫೋಟೋದ್ದು ಇನ್ನೊಂದು ತಾಪತ್ರಯ: ತಿರುಗಿಸಿ ತೋರಿಸಬೇಕೆಂಬ ಸೂಚನೆ ಕಡತದೊಳಗೇ ಇರುತ್ತದೆ. ಅದನ್ನು ಓದದೆ ಅಳೆದರೆ ನಿಂತ ವೀರಗಲ್ಲು ದಾಖಲೆಯಲ್ಲಿ ಮಲಗಿಬಿಡುತ್ತದೆ. ಪಾಠಾಂತರದ ಚರ್ಚೆ ನಿಂತಿರೋದೇ ಇಂಥ ಗುರುತುಗಳ ಮೇಲೆ.

ಪರಿಹಾರ ಕಷ್ಟವೇನಲ್ಲ. ಪಿಎನ್‌ಜಿ ಕಡತದ ಮೊದಲ 24 ಬೈಟುಗಳಲ್ಲೇ ಅಳತೆ ಸಿಗುತ್ತದೆ. ಜೆಪೆಗ್‌ನಲ್ಲಿ ಸಾಮಾನ್ಯವಾಗಿ ಆರಂಭದ ಭಾಗ ಸಾಕು. ಟಿಫ್‌ನಲ್ಲಿ ಮಾತ್ರ ಆ ಮಾಹಿತಿ ಕಡತದ ಕೊನೆಯಲ್ಲೂ ಇರಬಹುದು. ಐಐಐಎಫ್ ಚಿತ್ರ ಸರ್ವರ್ ಇದ್ದರೆ, ಅದರ ಪುಟ್ಟ ಮಾಹಿತಿ ಕಡತವೇ ಅಗಲ-ಎತ್ತರ ಹೇಳುತ್ತದೆ. ಚಿತ್ರ ಸೇರಿಸುವಾಗ ಒಮ್ಮೆ ಅಳೆದು ದಾಖಲೆಯಲ್ಲಿ ಬರೆದಿಡಬೇಕು. ಕಡತ ಬದಲಾದರಷ್ಟೇ ಮತ್ತೆ ಅಳೆಯಬೇಕು. ಚೌಕಟ್ಟಿನ ಅಂಕಿ ಚಿತ್ರದ ಪಿಕ್ಸೆಲ್‌ಗೆ ಸಮ ಇರಲೇಬೇಕೆಂದಿಲ್ಲ, ಅಗಲ-ಎತ್ತರದ ಅನುಪಾತ ಸರಿಯಿದ್ದರೆ ಸಾಕು. ಆದರೆ ಟಿಪ್ಪಣಿ ಬಿದ್ದ ಮೇಲೆ ಆ ಅಂಕಿಯನ್ನು ಮುಟ್ಟಬಾರದು.

ಅಂದಹಾಗೆ, ಪಿಕ್ಸೆಲ್ ಎಷ್ಟೇ ಇದ್ದರೂ ಅದರಿಂದ ಕಲ್ಲಿನ ಎತ್ತರ ತಿಳಿಯೋದಿಲ್ಲ. ಅಡಿ-ಅಂಗುಲದ ಆ ಹಳೇ ‘ಪ್ರಮಾಣ’ಕ್ಕೂ ದಾಖಲೆಯಲ್ಲಿ ಒಂದು ಖಾನೆ ಇರಲಿ.